ಕರಾವಳಿಯ ಕಸುಬಿಗೆ ಹಳೆಯ ವ್ಯಾನ್: ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಆಮೇಲೆ

ಉತ್ತರ ಕನ್ನಡ ಜಿಲ್ಲೆಯಲ್ಲಿ, ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲೂ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲೂ ಪ್ಲಂಬಿಂಗ್, ವಯರಿಂಗ್, ಬಡಗಿ ಕೆಲಸ, ವೆಲ್ಡಿಂಗ್, ಟೈಲ್ಸ್ ಅಥವಾ ಪಂಪ್ ರಿಪೇರಿ ಮಾಡುವವರು ಬೈಕಿನಿಂದ ಹಳೆಯ ವ್ಯಾನಿಗೆ ಬರುವಾಗ ಬಹುತೇಕ ಒಂದೇ ಬಗೆಯಲ್ಲಿ ಎಡವುತ್ತಾರೆ. ಮೊದಲು ಬೆಲೆ ಕೇಳುತ್ತಾರೆ, ಆಮೇಲೆ ಎಂಜಿನ್ ಸದ್ದು ಕೇಳುತ್ತಾರೆ, ಚೆನ್ನಾಗಿದೆ ಅನ್ನಿಸಿದ ಕೂಡಲೇ ಮುಂಗಡ ಕೊಡುತ್ತಾರೆ. ದಾಖಲೆಯಲ್ಲಿ ಸಾಲ ಬಾಕಿ ಇರುವುದೂ ನೆಲದ ತಗಡು ತಿಂದುಹೋಗಿರುವುದೂ ಗೊತ್ತಾಗುವ ಹೊತ್ತಿಗೆ ಹಣ ಕೈಬಿಟ್ಟಿರುತ್ತದೆ. ಪರೀಕ್ಷಿಸುವ ಜ್ಞಾನ ಇವರಲ್ಲಿ ಅನೇಕರಿಗೆ ಇದೆ, ಆದರೆ ಕ್ರಮ ತಲೆಕೆಳಗಾಗಿರುತ್ತದೆ.

ಸರಿಯಾದ ಕ್ರಮವೆಂದರೆ ಮೊದಲು ನಿಮ್ಮ ಸಾಮಾನಿನ ತೂಕ, ಬಳಿಕ ದಾಖಲೆ, ಬಳಿಕ ತುಕ್ಕು, ಬಳಿಕ ಎಂಜಿನ್, ಬಳಿಕ ಘಟ್ಟದ ರಸ್ತೆ, ಕೊನೆಗೆ ಬೆಲೆ. ಎಂಜಿನನ್ನು ಇಷ್ಟು ಹಿಂದಕ್ಕೆ ಇಟ್ಟಿರುವುದಕ್ಕೆ ಕಾರಣವಿದೆ. ಹಾಳಾದ ಎಂಜಿನನ್ನು ಹಣ ಕೊಟ್ಟು ಸರಿಪಡಿಸಬಹುದು, ಅದರ ಖರ್ಚನ್ನು ಮೊದಲೇ ಅಂದಾಜು ಮಾಡಲೂಬಹುದು. ಉಪ್ಪುಗಾಳಿ ತಿಂದ ಚಾಸಿಯನ್ನು, ಅಂದರೆ ಗಾಡಿಯನ್ನು ಹೊತ್ತ ಅಡಿಯ ಚೌಕಟ್ಟನ್ನು, ಹಾಗೆ ಸರಿಪಡಿಸಲು ಬರುವುದಿಲ್ಲ.

ಹಂತ 1: ಸಾಮಾನನ್ನು ತೂಗಿ, ಅಳೆದು, ಬರೆದಿಡಿ

ಗಾಡಿ ಹುಡುಕುವ ಮೊದಲು ಒಂದು ಸಾಮಾನ್ಯ ದಿನ ನೀವು ಕೆಲಸಕ್ಕೆ ಒಯ್ಯುವ ಎಲ್ಲವನ್ನೂ ಒಂದೆಡೆ ಸೇರಿಸಿ ತೂಗಿ ನೋಡಿರಿ. ಮನೆಯ ಹತ್ತಿರದ ರೇಷನ್ ಅಂಗಡಿಯ ಅಥವಾ ಅಡಿಕೆ ವ್ಯಾಪಾರಿಯ ತಕ್ಕಡಿ ಇದಕ್ಕೆ ಸಾಕು. ವಯರಿಂಗ್ ಕೆಲಸದವರ ಸಾಮಾನು ಜಾಗವನ್ನು ಹೆಚ್ಚು ಬೇಡುತ್ತದೆ, ತೂಕ ಕಡಿಮೆ. ಟೈಲ್ಸ್ ಕೆಲಸದವರದ್ದು ಜಾಗ ಕಡಿಮೆ, ತೂಕ ವಿಪರೀತ. ಸಿಮೆಂಟ್ ಚೀಲ ಒಂದಕ್ಕೆ 50 ಕಿಲೋ ಎಂದು ಹಿಡಿದರೆ, ಹತ್ತು ಚೀಲಕ್ಕೇ ಅರ್ಧ ಟನ್ ಆಗುತ್ತದೆ, ಅದರ ಮೇಲೆ ನೀವೂ ನಿಮ್ಮ ಸಹಾಯಕರೂ ಕೂರಬೇಕು.

ತೂಕದ ಜೊತೆ ಉದ್ದವನ್ನೂ ಬರೆದುಕೊಳ್ಳಿರಿ. ಪ್ಲೈವುಡ್ ಹಲಗೆ 8 ಅಡಿ ಉದ್ದ 4 ಅಡಿ ಅಗಲ, ಜಿಐ ಪೈಪು 20 ಅಡಿ. ಇಷ್ಟುದ್ದದ ಪೈಪನ್ನು ಯಾವ ಸಣ್ಣ ವ್ಯಾನೂ ಸುರಕ್ಷಿತವಾಗಿ ಹೊರಲಾರದು. ಹಿಂದಕ್ಕೆ ಮಿತಿ ಮೀರಿ ಚಾಚಿದ ಸರಕಿಗೆ 2019ರ ತಿದ್ದುಪಡಿಯ ಬಳಿಕ ಮೋಟಾರು ವಾಹನ ಕಾಯ್ದೆಯಲ್ಲಿ 20,000 ರೂಪಾಯಿ ದಂಡವಿದೆ; ರಾತ್ರಿ ಹೆದ್ದಾರಿ 66ರಲ್ಲಿ ಹಿಂದಿನಿಂದ ಬರುವ ಬೈಕಿನವರಿಗೆ ಅಂಥ ಪೈಪಿನ ತುದಿ ಕಾಣುವುದೇ ಇಲ್ಲ. ಉದ್ದದ ಪೈಪನ್ನು ಅಂಗಡಿಯಲ್ಲೇ ಕತ್ತರಿಸಿ ತರುವುದು ಅಥವಾ ಅಂಗಡಿಯ ಗಾಡಿಯಲ್ಲೇ ಕೆಲಸದ ಜಾಗಕ್ಕೆ ಇಳಿಸಿಕೊಳ್ಳುವುದು ಸರಿಯಾದ ದಾರಿ. ಅಪರೂಪಕ್ಕೆ ಬರುವ ದೊಡ್ಡ ಸರಕಿಗಾಗಿ ದೊಡ್ಡ ಗಾಡಿ ಕೊಂಡು ವರ್ಷವಿಡೀ ಅದರ ಇಂಧನಕ್ಕೆ ದುಡಿಯಬೇಡಿರಿ.

ಹಂತ 2: ಗಾಡಿಯ ಬಗೆಯನ್ನು ನಿರ್ಧರಿಸಿರಿ

ಈ ಜಿಲ್ಲೆಯಲ್ಲಿ ಕಸುಬಿನವರ ಕೈಗೆ ಸಿಗುವ ಹಳೆಯ ಗಾಡಿಗಳಲ್ಲಿ ಮಾರುತಿ ಓಮ್ನಿ, ಮಾರುತಿ ಈಕೋ ಮತ್ತು ಟಾಟಾ ಏಸ್ ಮುಖ್ಯವಾದವು. ಇವಕ್ಕಿಂತ ಮೇಲೆ ಅಶೋಕ್ ಲೇಲ್ಯಾಂಡ್ ದೋಸ್ತ್, ಮಹೀಂದ್ರ ಬೊಲೆರೋ ಪಿಕಪ್‌ನಂಥ ದೊಡ್ಡ ಗಾಡಿಗಳಿವೆ.

ಓಮ್ನಿಯ ಉತ್ಪಾದನೆ 2019ರಲ್ಲಿ ನಿಂತಿತು. 796 ಸಿಸಿಯ ಪೆಟ್ರೋಲ್ ಎಂಜಿನ್, ಸರಳ ರಚನೆ, ಬಿಡಿಭಾಗ ಎಲ್ಲೆಡೆ ಲಭ್ಯ, ಇಕ್ಕಟ್ಟಾದ ಕೇರಿಯಲ್ಲೂ ತಿರುಗುತ್ತದೆ. ಆದರೆ ಇದಕ್ಕೆ ಪ್ರತ್ಯೇಕ ಚಾಸಿ ಇಲ್ಲ. ತಗಡಿನ ದೇಹವೇ ಚಾಸಿಯ ಕೆಲಸ ಮಾಡುತ್ತದೆ, ಆದ್ದರಿಂದ ನೆಲ ತುಕ್ಕು ಹಿಡಿದರೆ ಗಾಡಿಯ ಬೆನ್ನೆಲುಬೇ ತುಕ್ಕು ಹಿಡಿದಂತೆ. ಚಾಲಕನ ಕಾಲಿನ ಮುಂದೆ ತಗಡು ಬಿಟ್ಟರೆ ಬೇರೆ ರಕ್ಷಣೆಯೂ ಅಲ್ಪ. ಊರೊಳಗೆ ಓಡಾಡುವ ಎಲೆಕ್ಟ್ರಿಷಿಯನ್‌ಗೆ, ಫ್ರಿಜ್ ಮತ್ತು ಎಸಿ ರಿಪೇರಿಯವರಿಗೆ ಇದು ಸಾಕು. ದಿನವೂ ಹೆದ್ದಾರಿಯಲ್ಲಿ ದೂರ ಹೋಗುವವರಿಗೆ ನಾನು ಇದನ್ನು ಸೂಚಿಸುವುದಿಲ್ಲ.

ಈಕೋ 2010ರಲ್ಲಿ ಬಂದದ್ದು. ಸುಮಾರು 1.2 ಲೀಟರಿನ ಪೆಟ್ರೋಲ್ ಎಂಜಿನ್ ಇರುವುದರಿಂದ ಘಟ್ಟ ಏರುವಾಗ ಓಮ್ನಿಯಷ್ಟು ಏದುಸಿರು ಬಿಡುವುದಿಲ್ಲ. ಮುಚ್ಚಿದ ಗಾಡಿಯಾದ್ದರಿಂದ ಮಳೆಗಾಲದಲ್ಲಿ ಡ್ರಿಲ್ ಮೆಷಿನ್, ವಯರ್ ಸುರುಳಿ, ಪ್ಲೈವುಡ್ ತುಂಡುಗಳು ಒಣಗಿರುತ್ತವೆ, ರಾತ್ರಿ ಬೀಗ ಹಾಕಿಡಬಹುದು. ಈ ಕರಾವಳಿಯ ಹೆಚ್ಚಿನ ಕಸುಬಿನವರಿಗೆ ನನ್ನ ಮೊದಲ ಆಯ್ಕೆ ಇದೇ.

ಏಸ್ 2005ರಿಂದ ಇದೆ. ಹಳೆಯವುಗಳಲ್ಲಿ 702 ಸಿಸಿಯ ಎರಡು ಸಿಲಿಂಡರಿನ ಡೀಸೆಲ್ ಎಂಜಿನ್, ಪ್ರತ್ಯೇಕ ಚಾಸಿ, ಸುಮಾರು 7 ಅಡಿ ಉದ್ದದ ತೆರೆದ ಬಾಡಿ. ಭಾರಕ್ಕೆ ಒಳ್ಳೆಯದು, ವೇಗಕ್ಕೆ ಅಲ್ಲ. ಆಕ್ಸಿಜನ್ ಅಥವಾ ಬೇರೆ ಗ್ಯಾಸ್ ಸಿಲಿಂಡರ್ ಒಯ್ಯುವ ವೆಲ್ಡಿಂಗ್‌ನವರು ತೆರೆದ ಬಾಡಿಯ ಗಾಡಿಯನ್ನೇ ಆರಿಸಬೇಕು. ಮುಚ್ಚಿದ ವ್ಯಾನಿನಲ್ಲಿ ಸಿಲಿಂಡರಿನಿಂದ ಸೋರಿದ ಗ್ಯಾಸ್ ಒಳಗೇ ತುಂಬಿಕೊಳ್ಳುತ್ತದೆ, ಒಂದು ಕಿಡಿ ಸಾಕು.

ಹೆದ್ದಾರಿ ಬದಿಯಲ್ಲಿ ನಿಲ್ಲಿಸಿದ ಗಾಡಿಯನ್ನು ಕಂಡು ಮನಸ್ಸು ಮಾಡುವುದು ಇಲ್ಲಿನ ಸಾಮಾನ್ಯ ತಪ್ಪು. ಯಾವ ಬಗೆಯ ಗಾಡಿ ಬೇಕೆಂದು ಮನೆಯಲ್ಲೇ ತೀರ್ಮಾನಿಸಿ ಹೊರಟವರು ಅರ್ಧ ಕೆಲಸ ಮುಗಿಸಿರುತ್ತಾರೆ.

ಹಂತ 3: ಹೊರಡುವ ಮೊದಲು ಫೋನಿನಲ್ಲಿ ಕೇಳಿರಿ

ಗಾಡಿಯ ಜನ್ಮವರ್ಷಕ್ಕಿಂತ ಅದು ಎಲ್ಲಿ, ಏನನ್ನು ಹೊತ್ತು ಬಾಳಿದೆ ಎಂಬುದು ಹೆಚ್ಚು ಮುಖ್ಯ. ಶಿರಸಿಯಲ್ಲಿ ಅಡಿಕೆ ಚೀಲ ಹೊತ್ತ ಹತ್ತು ವರ್ಷದ ಗಾಡಿ, ಬೈತಖೋಲ ಅಥವಾ ತದಡಿಯ ಬಂದರಿನಲ್ಲಿ ಮೀನು ಹೊತ್ತ ನಾಲ್ಕು ವರ್ಷದ ಗಾಡಿಗಿಂತ ಗಟ್ಟಿಯಾಗಿರಬಹುದು. ಹಾಗೆಂದು ಘಟ್ಟದ ಮೇಲಿನ ಗಾಡಿಗಳೆಲ್ಲ ಒಳ್ಳೆಯವೆಂದು ತಿಳಿಯಬೇಡಿರಿ: ಅವುಗಳಿಗೆ ಉಪ್ಪಿನ ಕಾಟ ಇಲ್ಲದಿದ್ದರೂ ಘಟ್ಟ ಇಳಿದು ಹತ್ತಿದ್ದರಿಂದ ಕ್ಲಚ್, ಬ್ರೇಕ್ ಸವೆದಿರುತ್ತವೆ, ಅಡಿಭಾಗದಲ್ಲಿ ಮೆತ್ತಿದ ಕೆಂಪು ಮಣ್ಣು ಮಳೆಗಾಲವಿಡೀ ಒದ್ದೆಯಾಗಿಯೇ ಇರುತ್ತದೆ.

ಆದ್ದರಿಂದ ಕೇಳಬೇಕಾದ ಪ್ರಶ್ನೆಗಳು ಇವು: ಗಾಡಿ ಯಾವ ಊರಿನಲ್ಲಿ ಓಡಿದೆ, ಏನು ಸಾಗಿಸುತ್ತಿತ್ತು, ಆರ್‌ಸಿ (ನೋಂದಣಿ ಪತ್ರ) ನಿಮ್ಮ ಹೆಸರಿನಲ್ಲೇ ಇದೆಯೇ, ಸಾಲ ಇದೆಯೇ, ವೈಟ್ ಬೋರ್ಡೋ (ಖಾಸಗಿ) ಎಲ್ಲೋ ಬೋರ್ಡೋ (ವಾಣಿಜ್ಯ), ವಿಮೆ ಮತ್ತು ಎಫ್‌ಸಿ (ಫಿಟ್‌ನೆಸ್ ಪ್ರಮಾಣಪತ್ರ) ಯಾವಾಗ ಮುಗಿಯುತ್ತದೆ. ಚಿರೇಕಲ್ಲು ಹೊತ್ತ ಏಸ್ ಎಂದಾದರೆ ಮಿತಿಮೀರಿದ ಭಾರ ಹೊತ್ತಿರುವ ಸಾಧ್ಯತೆ ಹೆಚ್ಚು. ಮೀನಿನ ಗಾಡಿ ಎಂದಾದರೆ ಬೆಲೆ ಎಷ್ಟೇ ಕಡಿಮೆ ಇರಲಿ, ನೋಡಲು ಹೋಗುವುದೇ ಬೇಡ.

ಕೊನೆಯಲ್ಲಿ ಎರಡು ಕೋರಿಕೆ ಮುಂದಿಡಿರಿ. ನೀವು ಬರುವವರೆಗೆ ಗಾಡಿಯನ್ನು ಸ್ಟಾರ್ಟ್ ಮಾಡಬಾರದು, ತೊಳೆಸಬಾರದು. ಈ ಎರಡಕ್ಕೂ ಒಪ್ಪಿದ ಮಾಲೀಕರು ಗಾಡಿ ತೋರಿಸಲು ಹೆದರುವವರಲ್ಲ.

ಹಂತ 4: ದಾಖಲೆ ಸರಿ ಇದ್ದರೆ ಮಾತ್ರ ಮುಂದಿನ ಹೆಜ್ಜೆ

ನೋಂದಣಿ ಸಂಖ್ಯೆಯನ್ನು ಪಡೆದು ಎಂಪರಿವಾಹನ್ ಆ್ಯಪಿನಲ್ಲಿ ಅಥವಾ ಪರಿವಾಹನ್ ಜಾಲತಾಣದಲ್ಲಿ ಹಾಕಿದರೆ ನೋಂದಣಿಯಾದ ದಿನ, ಗಾಡಿಯ ವರ್ಗ, ವಿಮೆ, ಫಿಟ್‌ನೆಸ್‌ನ ಅವಧಿ ತಿಳಿಯುತ್ತದೆ. ಬಾಕಿ ಇರುವ ಇ-ಚಲನ್‌ಗಳನ್ನೂ ಇದೇ ವೇಳೆ ನೋಡಿಕೊಳ್ಳಿರಿ. ಇದನ್ನು ಮನೆಯಲ್ಲೇ ಕೂತು ಮಾಡಬಹುದಾದ್ದರಿಂದ ಬಸ್ಸಿನ ಖರ್ಚೂ ಉಳಿಯುತ್ತದೆ.

ಗಾಡಿಯ ಬಳಿಗೆ ಹೋದಾಗ ಮೂಲ ಆರ್‌ಸಿಯನ್ನು ಕೈಯಲ್ಲಿ ಹಿಡಿದು ಚಾಸಿ ಸಂಖ್ಯೆಯನ್ನೂ ಎಂಜಿನ್ ಸಂಖ್ಯೆಯನ್ನೂ ಅಂಕಿಗೆ ಅಂಕಿ ಹೋಲಿಸಿರಿ. ಚಾಸಿ ಸಂಖ್ಯೆಯ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆಯಿರಿ. ಅಂಕಿಗಳು ಸಾಲು ತಪ್ಪಿದ್ದರೆ, ಸುತ್ತಲಿನ ತಗಡಿನಲ್ಲಿ ಗ್ರೈಂಡರ್ ಗೀರು ಅಥವಾ ವೆಲ್ಡಿಂಗ್ ಇದ್ದರೆ ಅಲ್ಲಿಂದ ಹಿಂದಿರುಗಿ. ತುಕ್ಕಿನಿಂದ ಅಂಕಿ ಅಳಿಸಿಹೋಗಿದೆ ಎಂಬ ಸಮಜಾಯಿಷಿ ನಿಜವೇ ಇರಬಹುದು, ಆದರೆ ಅದನ್ನು ಸರಿಪಡಿಸಿಕೊಂಡು ಬರುವ ಹೊಣೆ ಮಾರುವವರದ್ದು.

ಆರ್‌ಸಿಯಲ್ಲಿ ಹೈಪಾಥಿಕೇಶನ್ (ಸಾಲಕ್ಕೆ ಅಡವು) ಎಂದು ಬ್ಯಾಂಕಿನ ಅಥವಾ ಫೈನಾನ್ಸಿನ ಹೆಸರಿದ್ದರೆ ಸಾಲ ತೀರಿದ್ದಕ್ಕೆ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮತ್ತು ಅಡವು ತೆಗೆಸುವ ಫಾರ್ಮ್ 35 ಬೇಕು. ‘ಸಾಲ ಯಾವಾಗಲೋ ತೀರಿದೆ, ಹೆಸರು ತೆಗೆಸಿಲ್ಲ ಅಷ್ಟೇ’ ಎಂಬ ಮಾತಿನ ಮೇಲೆ ಒಂದು ರೂಪಾಯಿಯನ್ನೂ ಕೊಡಬೇಡಿರಿ. ಮಾಲೀಕರು ತೀರಿಕೊಂಡಿದ್ದರೆ ಗಾಡಿ ಮೊದಲು ಫಾರ್ಮ್ 31ರ ಮೂಲಕ ವಾರಸುದಾರರ ಹೆಸರಿಗೆ ಬರಬೇಕು. ಎರಡು ಮೂರು ಕೈ ದಾಟಿಯೂ ಆರ್‌ಸಿ ಮೊದಲಿನವರ ಹೆಸರಿನಲ್ಲೇ ಉಳಿದ ಗಾಡಿಗಳು ಇಲ್ಲಿ ಬಹಳ. ಸಹಿ ಹಾಕಿದ ಖಾಲಿ ಫಾರ್ಮುಗಳನ್ನು ಕೈಗಿಟ್ಟು ಮಾರುತ್ತಾರೆ. ಆರ್‌ಸಿಯಲ್ಲಿರುವ ವ್ಯಕ್ತಿಯನ್ನು ಖುದ್ದಾಗಿ ಕಾಣಲು ಆಗದಿದ್ದರೆ ಆ ಗಾಡಿ ನಿಮಗಲ್ಲ.

ಕಾರವಾರದವರು ಗೋವಾದ ಗಾಡಿಗಳ ಕಡೆಗೆ ಹೆಚ್ಚು ಸೆಳೆಯಲ್ಪಡುತ್ತಾರೆ. ಜಿಎ ಎಂದು ತೊಡಗುವ ಗಾಡಿ ಅಗ್ಗವಾಗಿ ಕಂಡರೂ ಫಾರ್ಮ್ 28ರಲ್ಲಿ ಅಲ್ಲಿನ ಆರ್‌ಟಿಒದ ಎನ್‌ಒಸಿ ತರಬೇಕು, ಕರ್ನಾಟಕದ ತೆರಿಗೆ ಕಟ್ಟಬೇಕು. 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನೋಂದಣಿ ಸಂಖ್ಯೆ ಪಡೆಯುವುದು ಕಾಯ್ದೆಯಂತೆ ಕಡ್ಡಾಯ. ಬೆಲೆ ಮಾತಾಡುವ ಮೊದಲೇ ತೆರಿಗೆ ಎಷ್ಟಾಗುತ್ತದೆಂದು ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಳ್ಳಿರಿ. ಕೆಎ-30 ಕಾರವಾರ, ಕೆಎ-31 ಶಿರಸಿ, ಕೆಎ-47 ಹೊನ್ನಾವರ, ಕೆಎ-65 ದಾಂಡೇಲಿ. ಜಿಲ್ಲೆಯೊಳಗಿನ ಗಾಡಿಯಾದರೆ ಓಡಾಟ ಎಷ್ಟೋ ಕಡಿಮೆ.

ಬೋರ್ಡಿನ ಬಣ್ಣವನ್ನು ಹಗುರವಾಗಿ ಎಣಿಸಬೇಡಿರಿ. ಸರಕಿನ ಗಾಡಿಯೆಂದು ನೋಂದಾಯಿಸಿದ ಎಲ್ಲೋ ಬೋರ್ಡ್ ಗಾಡಿಗೆ 8 ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಬಳಿಕ ಪ್ರತಿ ವರ್ಷ ಫಿಟ್‌ನೆಸ್ ಮಾಡಿಸಬೇಕು. ವೈಟ್ ಬೋರ್ಡ್ ಗಾಡಿಯ ನೋಂದಣಿ 15 ವರ್ಷ ನಡೆಯುತ್ತದೆ, ಆಮೇಲೆ ತಪಾಸಣೆಗೆ ಒಡ್ಡಿ ಐದೈದು ವರ್ಷಕ್ಕೆ ನವೀಕರಿಸಬೇಕು, ಶುಲ್ಕವೂ ಏರುತ್ತದೆ. ಆದ್ದರಿಂದ 14 ವರ್ಷ ತುಂಬಿದ ಓಮ್ನಿಯ ಬೆಲೆಯಲ್ಲಿ ನವೀಕರಣದ ಖರ್ಚನ್ನು ಮೊದಲೇ ಕಳೆಯಬೇಕು. ಒಟ್ಟು ತೂಕ 3,000 ಕಿಲೋ ಮೀರದ ಸರಕು ಗಾಡಿಗೆ ಪರ್ಮಿಟ್ ಬೇಕಿಲ್ಲ. ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸ್ ಇದ್ದವರು 7,500 ಕಿಲೋವರೆಗಿನ ಸಾರಿಗೆ ವಾಹನ ಓಡಿಸಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿ 2024ರ ನವೆಂಬರಿನಲ್ಲಿ ಮತ್ತೆ ಎತ್ತಿಹಿಡಿದಿದೆ, ಆದ್ದರಿಂದ ಏಸ್ ಓಡಿಸಲು ಬೇರೆ ಲೈಸೆನ್ಸ್ ಬೇಕೆಂಬ ಆತಂಕ ಬೇಡ.

ಹಿಂದಿನ ಸೀಟು ಕಿತ್ತು ಸರಕಿನ ಗಾಡಿಯಾಗಿ ಬಳಸಿದ ವೈಟ್ ಬೋರ್ಡ್ ಗಾಡಿ, ಆರ್‌ಸಿಯಲ್ಲಿ ನಮೂದಾಗದ ಎಲ್‌ಪಿಜಿ ಅಥವಾ ಸಿಎನ್‌ಜಿ ಕಿಟ್ ಇವೆರಡೂ ಎಚ್ಚರಿಕೆಯ ಗುರುತುಗಳು. ಆರ್‌ಸಿಗೆ ಹೊಂದದ ಮಾರ್ಪಾಡು ಇದ್ದರೆ ಅಪಘಾತವಾದಾಗ ವಿಮಾ ಕಂಪನಿ ತಕರಾರು ತೆಗೆಯಬಹುದು. ಸಿಎನ್‌ಜಿ ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಒತ್ತಡ ಪರೀಕ್ಷೆ ಆಗಿರಬೇಕು. ಅದರ ಪ್ರಮಾಣಪತ್ರವನ್ನು ಕೇಳಿರಿ.

ದಾಖಲೆಯಲ್ಲೇ ಇರುವ ಇನ್ನೊಂದು ಉಪಯುಕ್ತ ಲೆಕ್ಕ: ಆರ್‌ಸಿಯಲ್ಲಿ ಬರೆದ ಒಟ್ಟು ತೂಕದಿಂದ ಖಾಲಿ ತೂಕವನ್ನು ಕಳೆಯಿರಿ, ಅದರಿಂದ ನಿಮ್ಮ ಮತ್ತು ಸಹಾಯಕರ ತೂಕವನ್ನೂ ಕಳೆಯಿರಿ. ಉಳಿದದ್ದು ಗಾಡಿ ಹೊರಬಹುದಾದ ಸಾಮಾನು. ಮೊದಲ ಹಂತದಲ್ಲಿ ಬರೆದಿಟ್ಟ ತೂಕ ಇದಕ್ಕಿಂತ ಹೆಚ್ಚಿದ್ದರೆ ಗಾಡಿ ಎಷ್ಟೇ ಚೆನ್ನಾಗಿರಲಿ, ನಿಮ್ಮ ಕೆಲಸಕ್ಕೆ ಅದು ಚಿಕ್ಕದು.

ಹಂತ 5: ತುಕ್ಕನ್ನು ಹುಡುಕಿರಿ

ಇದಕ್ಕೆ ಹೆಚ್ಚಿನ ಉಪಕರಣ ಬೇಡ. ಪ್ರಖರವಾದ ಟಾರ್ಚು, ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ, ಮರದ ಹಿಡಿಯ ಸ್ಕ್ರೂಡ್ರೈವರ್, ಕೈಗನ್ನಡಿ, ನೆಲಕ್ಕೆ ಹಾಸಲು ಒಂದು ಗೋಣಿಚೀಲ, ಮುಂದಿನ ಹಂತಕ್ಕೆ ಮಲ್ಟಿಮೀಟರ್. ಆದರೆ ಗಾಡಿಯನ್ನು ಎತ್ತರಿಸಿ ನೋಡಲೇಬೇಕು. ಹತ್ತಿರದ ವಾಟರ್ ಸರ್ವಿಸ್ ಕೇಂದ್ರದ ರ‍್ಯಾಂಪಿನ ಮೇಲೆ ಹತ್ತಿಸಲು ಸಣ್ಣ ಮೊತ್ತ ಕೊಟ್ಟರೆ ಒಪ್ಪುತ್ತಾರೆ. ಜಾಕ್ ಒಂದನ್ನೇ ನಂಬಿ ಗಾಡಿಯ ಕೆಳಗೆ ತಲೆ ಹಾಕಬಾರದು.

ಮೊದಲು ಒಳಗಿನಿಂದ ಆರಂಭಿಸಿರಿ. ಮ್ಯಾಟ್ ಪೂರ್ತಿ ಎತ್ತಿ ಚಾಲಕನ ಪಾದದ ಕೆಳಗಿನ ತಗಡು, ಮುಂದಿನ ಸೀಟಿನ ತಳ, ಹಿಂದಿನ ಚಕ್ರದ ಗುಮ್ಮಟದ ಅಂಚು, ಜಾರುಬಾಗಿಲಿನ ಕೆಳಗಿನ ಹಳಿ ಇವನ್ನು ನೋಡಿರಿ. ಬಾಗಿಲಿನ ತಳದಲ್ಲಿ ನೀರು ಹೊರಹೋಗುವ ರಂಧ್ರಗಳಿರುತ್ತವೆ. ಅವು ಮಣ್ಣು, ಎಲೆಗಳಿಂದ ಕಟ್ಟಿಕೊಂಡರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆನೀರು ಒಳಗೇ ನಿಂತು ಬಾಗಿಲು ಒಳಗಿನಿಂದ ಕೊಳೆಯುತ್ತದೆ. ಮುಂಗಾಜಿನ ಕೆಳಅಂಚಿನ ರಬ್ಬರನ್ನು ಬೆರಳಿನಿಂದ ತುಸು ಸರಿಸಿರಿ. ಮಾಡಿನ ಅಂಚಿನ ನೀರುಗಾಲುವೆಯಲ್ಲಿ ಬಣ್ಣ ಉಬ್ಬಿದ್ದರೆ ತುಕ್ಕು ಒಳಗಿಂದ ಹೊರಗೆ ಬಂದಿದೆ ಎಂದರ್ಥ.

ತಗಡಿನ ಎರಡು ಪದರ ಸೇರುವ ಮಡಿಕೆಗಳಲ್ಲೇ ಉಪ್ಪುಗಾಳಿಯ ತುಕ್ಕು ತೊಡಗುತ್ತದೆ, ಏಕೆಂದರೆ ಅಲ್ಲಿಗೆ ಬಣ್ಣ ತಲುಪಿರುವುದಿಲ್ಲ ಮತ್ತು ಉಪ್ಪು ಗಾಳಿಯ ತೇವವನ್ನು ಹೀರಿ ಹಿಡಿದಿಡುತ್ತದೆ. ಹೊರಗೆ ಸಣ್ಣ ಗುಳ್ಳೆಯಾಗಿ ಕಾಣುವುದರ ಹಿಂದೆ ಅಂಗೈಯಗಲ ತಗಡು ತೆಳ್ಳಗಾಗಿರಬಹುದು. ಅಯಸ್ಕಾಂತವನ್ನು ಬಾಗಿಲುಗಳ ಕೆಳಭಾಗದ ಉದ್ದಕ್ಕೂ ಸರಿಸಿರಿ. ಒಂದೆಡೆ ಹಿಡಿತ ಸಡಿಲವಾದರೆ ಅಲ್ಲಿ ಪುಟ್ಟಿ ತುಂಬಿದ್ದಾರೆ. ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ಬಡಿದಾಗ ಗಟ್ಟಿ ತಗಡು ಠಣ್ ಎನ್ನುತ್ತದೆ, ತುಕ್ಕು ತಿಂದದ್ದು ಮಂಕಾಗಿ ಸದ್ದು ಮಾಡುತ್ತದೆ, ಪದರ ಉದುರುತ್ತದೆ. ಚೂಪು ತುದಿಯಿಂದ ಚುಚ್ಚುವುದಾದರೆ ಮಾಲೀಕರ ಅನುಮತಿ ಕೇಳಿ ಚುಚ್ಚಿರಿ.

ಬಳಿಕ ಕೆಳಗಿನಿಂದ ನೋಡಿರಿ. ಏಸ್ ಅಥವಾ ಪಿಕಪ್ ಆದರೆ ಚಾಸಿಯ ಎರಡು ಉದ್ದ ತೊಲೆಗಳು, ಅವನ್ನು ಕೂಡಿಸುವ ಅಡ್ಡಪಟ್ಟಿಗಳು, ಪಟ್ಟಿ ಸ್ಪ್ರಿಂಗ್ ಕೂರುವ ಬ್ರಾಕೆಟ್‌ಗಳು ಮುಖ್ಯ. ಓಮ್ನಿ, ಈಕೋ ಆದರೆ ನೆಲಕ್ಕೆ ಬೆಸೆದ ಉದ್ದ ಪಟ್ಟಿಗಳು ಮತ್ತು ಹಿಂದಿನ ಸಸ್ಪೆನ್ಷನ್ ದೇಹಕ್ಕೆ ಸೇರುವ ಜಾಗ. ಬ್ರೇಕ್ ಎಣ್ಣೆಯ ಲೋಹದ ಕೊಳವೆಗಳ ಮೇಲೆ ಚಕ್ಕೆ ಏಳುತ್ತಿದ್ದರೆ ಅವನ್ನು ಪೂರ್ತಿ ಬದಲಾಯಿಸಬೇಕು. ಇಂಧನ ಟ್ಯಾಂಕನ್ನು ಹಿಡಿದಿರುವ ಪಟ್ಟಿ, ಬ್ಯಾಟರಿ ಕೂರುವ ತಟ್ಟೆ ಇವೂ ಮೊದಲು ಹೋಗುವ ಜಾಗಗಳು.

ಮೇಲ್ಮೈಯಲ್ಲಿ ಕಂದು ಬಣ್ಣ ಕಂಡ ಮಾತ್ರಕ್ಕೆ ಗಾಡಿಯನ್ನು ತಿರಸ್ಕರಿಸಬೇಕಿಲ್ಲ. ನಮ್ಮ ಕರಾವಳಿಯಲ್ಲಿ ತುಕ್ಕಿಲ್ಲದ ಹಳೆಯ ಗಾಡಿಯೇ ಇಲ್ಲ. ಬ್ರಷ್ ಹಾಕಿ ಉಜ್ಜಿದರೆ ಗಟ್ಟಿ ಲೋಹ ಸಿಗುವ ತುಕ್ಕು ಸಹಿಸಬಹುದಾದದ್ದು. ಚಾಸಿಯ ತೊಲೆಯಲ್ಲಿ, ಸ್ಪ್ರಿಂಗ್ ಬ್ರಾಕೆಟ್ಟಿನಲ್ಲಿ, ಸೀಟ್ ಬೆಲ್ಟ್ ಬಿಗಿಯುವ ಜಾಗದಲ್ಲಿ ರಂಧ್ರ ಬಿದ್ದಿದ್ದರೆ ಅಥವಾ ತೇಪೆ ಹಾಕಿ ಬೆಸೆದಿದ್ದರೆ ಮಾತು ಮುಗಿಯಿತು. ಅದೇ ರೀತಿ, ಹಳೆಯ ಗಾಡಿಯ ಅಡಿಭಾಗದಲ್ಲಿ ಹೊಚ್ಚಹೊಸ ಕಪ್ಪು ಅಂಡರ್‌ಕೋಟಿಂಗ್ (ತುಕ್ಕು ತಡೆಯುವ ಲೇಪ) ಕಂಡರೆ ಸಂತೋಷಪಡಬೇಡಿರಿ. ಮಾರಲು ಹೊರಟವರು ಅಡಿಭಾಗಕ್ಕೆ ಖರ್ಚು ಮಾಡುವುದು ಮರೆಮಾಚಲು ಏನಾದರೂ ಇದ್ದಾಗ.

ಮೀನು ಸಾಗಿಸಿದ್ದನ್ನು ಬಾಯಿಂದ ಒಪ್ಪದಿದ್ದರೂ ಗಾಡಿ ಹೇಳುತ್ತದೆ. ನೀರು ಇಳಿಯಲೆಂದು ನೆಲದಲ್ಲಿ ಕೊರೆದ ರಂಧ್ರಗಳು, ಮೂಲೆಗಳಲ್ಲಿ ಬಿಳಿ ಉಪ್ಪಿನ ಪದರ, ಕಿಟಕಿ ಮುಚ್ಚಿ ಬಿಸಿಲಿನಲ್ಲಿ ಅರ್ಧ ಗಂಟೆ ನಿಲ್ಲಿಸಿದರೆ ಏಳುವ ವಾಸನೆ ಇದರ ಗುರುತುಗಳು.

ನೆರೆಯಲ್ಲಿ ಮುಳುಗಿದ ಗಾಡಿ ಇನ್ನೊಂದು ಅಪಾಯ. 2019 ಮತ್ತು 2021ರ ನೆರೆಯಲ್ಲಿ ಕಾಳಿ, ಗಂಗಾವಳಿ ದಡದ ಊರುಗಳಿಗೆ ನೀರು ನುಗ್ಗಿತ್ತು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿರಿ, ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಕೆಸರಿನ ಗೆರೆ ಇರಬಾರದು. ಹಿಂದಿನ ದೀಪಗಳೊಳಗೆ ಮಣ್ಣಿನ ಪೊರೆ, ಸೀಟಿನ ಹಳಿಯಲ್ಲಿ ಹೂಳು, ವಯರ್ ಜೋಡಣೆಯ ಕನೆಕ್ಟರುಗಳಲ್ಲಿ ಹಸಿರು ಕಿಲುಬು ಕಂಡರೆ ಕೈಬಿಡಿರಿ. ಓಮ್ನಿ, ಈಕೋಗಳಲ್ಲಿ ಎಂಜಿನ್ ಮುಂದಿನ ಸೀಟಿನ ಕೆಳಗೇ ತಗ್ಗಿನಲ್ಲಿರುವುದರಿಂದ ಮೊಣಕಾಲು ಮಟ್ಟದ ನೀರೂ ಅವಕ್ಕೆ ಹೆಚ್ಚೇ.

ಹಂತ 6: ತಣ್ಣಗಿರುವಾಗಲೇ ಎಂಜಿನ್ ನೋಡಿರಿ

ಸೀಟು ಎತ್ತಿ ಎಂಜಿನ್ ಮುಟ್ಟಿ ನೋಡಿರಿ; ಬೆಚ್ಚಗಿದ್ದರೆ ಮೊದಲೇ ಸ್ಟಾರ್ಟ್ ಮಾಡಿದ್ದಾರೆ, ಇನ್ನೊಂದು ದಿನ ಬರುವುದೇ ಒಳ್ಳೆಯದು. ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಕೂಲಂಟ್ ನೋಡಿರಿ. ಬಣ್ಣದ ಕೂಲಂಟಿನ ಬದಲು ಕಂದು ನೀರಿದ್ದರೆ ಬಾವಿನೀರು ಹಾಕಿಯೇ ಓಡಿಸಿದ್ದಾರೆ. ಎಣ್ಣೆ ತುಂಬುವ ಮುಚ್ಚಳದ ಒಳಗೆ ಕೆನೆಯಂಥ ಬಿಳಿ ಪದಾರ್ಥ ಅಂಟಿದ್ದರೆ, ಕೂಲಂಟಿನ ಮೇಲೆ ಎಣ್ಣೆಯ ಪೊರೆ ತೇಲುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ತಲೆಭಾಗದ ಸೀಲು) ಬಗ್ಗೆ ಸಂಶಯಪಡಬೇಕು.

ಕೀಲಿ ತಿರುಗಿಸಿದಾಗ ಎಂಜಿನ್ ಎಚ್ಚರಿಕೆ ದೀಪ ಮೊದಲು ಉರಿಯಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಉರಿಯುವುದೇ ಇಲ್ಲವೆಂದರೆ ಬಲ್ಬನ್ನೋ ವಯರನ್ನೋ ತೆಗೆದಿರಬಹುದು. ಸ್ಟಾರ್ಟ್ ಆದ ಬಳಿಕ ಸಹಾಯಕರನ್ನು ಹಿಂದೆ ನಿಲ್ಲಿಸಿ ಹೊಗೆ ನೋಡಲು ಹೇಳಿರಿ: ನಿಲ್ಲದ ನೀಲಿ ಹೊಗೆ ಎಣ್ಣೆ ಸುಡುತ್ತಿರುವುದನ್ನೂ, ಎಂಜಿನ್ ಬಿಸಿಯಾದ ಮೇಲೂ ಬರುವ ದಟ್ಟ ಬಿಳಿ ಹೊಗೆ ನೀರು ಒಳಸೇರಿರುವುದನ್ನೂ, ಡೀಸೆಲ್ ಗಾಡಿಯ ಗಾಢ ಕಪ್ಪು ಹೊಗೆ ಇಂಜೆಕ್ಟರ್, ಪಂಪ್ ಅಥವಾ ಗಾಳಿ ಫಿಲ್ಟರಿನ ತೊಂದರೆಯನ್ನೂ ಸೂಚಿಸುತ್ತವೆ. ಏಸ್‌ನಂಥ ಡೀಸೆಲ್ ಗಾಡಿಯಲ್ಲಿ ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಎಣ್ಣೆಯ ಮುಚ್ಚಳ ಸಡಿಲಿಸಿರಿ. ಹೊಗೆ ಒತ್ತಡದಿಂದ ಹೊರನುಗ್ಗಿದರೆ ಪಿಸ್ಟನ್ ರಿಂಗ್ ಸವೆದಿವೆ.

ಮಲ್ಟಿಮೀಟರನ್ನು ಬ್ಯಾಟರಿಗೆ ಇಟ್ಟರೆ ಎಂಜಿನ್ ನಿಂತಾಗ ಸುಮಾರು 12.6 ವೋಲ್ಟ್, ಓಡುವಾಗ ಸುಮಾರು 13.8ರಿಂದ 14.5 ವೋಲ್ಟ್ ತೋರಿಸಬೇಕು. ಟೈರಿನ ಬದಿಯಲ್ಲಿ ನಾಲ್ಕಂಕಿಯ ಸಂಖ್ಯೆ ಇರುತ್ತದೆ: 2319 ಎಂದರೆ 2019ರ 23ನೆಯ ವಾರ ತಯಾರಾದದ್ದು. ಮುಂದಿನ ಟೈರು ಒಂದೇ ಬದಿ ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆ ಅಥವಾ ಮುಂಭಾಗ ಎಲ್ಲೋ ಗುದ್ದಿಕೊಂಡಿದೆ.

ಮೀಟರಿನ ಕಿಲೋಮೀಟರನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪೆಡಲ್ ರಬ್ಬರ್, ಸ್ಟೀರಿಂಗ್‌ನ ನುಣುಪು, ಚಾಲಕನ ಸೀಟಿನ ತಗ್ಗು ಅದಕ್ಕಿಂತ ಸತ್ಯ ಹೇಳುತ್ತವೆ.

ಹಂತ 7: ಭಾರ ಹೇರಿ ಘಟ್ಟ ಹತ್ತಿಸಿರಿ

ಖಾಲಿ ಗಾಡಿಯನ್ನು ಹೆದ್ದಾರಿಯಲ್ಲಿ ಎರಡು ಕಿಲೋಮೀಟರ್ ಓಡಿಸಿ ತೃಪ್ತಿಪಡುವುದು ದೊಡ್ಡ ತಪ್ಪು. ನಿಮ್ಮ ಸಾಮಾನನ್ನೇ ಅಥವಾ ಅಷ್ಟೇ ತೂಕದ ಮರಳಿನ ಚೀಲಗಳನ್ನು ಹೇರಿ ಏರು ರಸ್ತೆಗೆ ಒಯ್ಯಿರಿ. ಕುಮಟಾ, ಶಿರಸಿಯವರಿಗೆ ದೇವಿಮನೆ ಘಟ್ಟ, ಅಂಕೋಲಾದವರಿಗೆ ಅರಬೈಲ್, ಹೊನ್ನಾವರದವರಿಗೆ ಗೇರುಸೊಪ್ಪೆಯಿಂದ ಮೇಲೇರುವ ರಸ್ತೆ, ಕಾರವಾರದವರಿಗೆ ಅಣಶಿ ಘಟ್ಟ. ಮಳೆಗಾಲದಲ್ಲಿ ಗುಡ್ಡ ಕುಸಿತದಿಂದ ಈ ರಸ್ತೆಗಳು ಮುಚ್ಚುವುದುಂಟು, ಸಂಚಾರ ಇದೆಯೇ ಎಂದು ವಿಚಾರಿಸಿ ಹೊರಡಿರಿ.

ಏರುವಾಗ ಶಾಖದ ಮುಳ್ಳು ಅಥವಾ ದೀಪದ ಮೇಲೆ ಕಣ್ಣಿರಲಿ. ಎಂಜಿನ್ ಕೂಗುತ್ತಿದ್ದು ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಗೇರ್ ಬದಲಿಸುವಾಗ ಹಿಂದಿನಿಂದ ಟಕ್ ಎಂದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಸವೆದಿದೆ. ವೇಗದೊಂದಿಗೆ ಏರುವ ಗುಂಯ್ ಸದ್ದು ಡಿಫರೆನ್ಷಿಯಲ್ ಅಥವಾ ಬೇರಿಂಗ್‌ನದ್ದು.

ಇಳಿಯುವಾಗ ಎರಡನೆಯ ಗೇರಿನಲ್ಲಿ ಎಂಜಿನ್ನಿನ ಹಿಡಿತದಲ್ಲೇ ಬನ್ನಿರಿ. ಗೇರ್ ತಾನಾಗಿ ಜಿಗಿದು ನ್ಯೂಟ್ರಲ್ ಆದರೆ ಗೇರ್‌ಬಾಕ್ಸ್ ಬಿಚ್ಚಬೇಕಾಗುತ್ತದೆ, ಇಂಥ ಗಾಡಿ ಘಟ್ಟದ ಇಳಿಜಾರಿನಲ್ಲಿ ಪ್ರಾಣಕ್ಕೆ ಸಂಚಕಾರ. ಬ್ರೇಕ್ ಒತ್ತಿದಾಗ ಗಾಡಿ ಒಂದು ಬದಿಗೆ ಎಳೆಯಬಾರದು, ಪೆಡಲ್ ಹೋಗುತ್ತ ಹೋಗುತ್ತ ಕೆಳಗಿಳಿಯಬಾರದು. ಇಳಿಜಾರಿನ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಹಿಡಿಯುತ್ತದೆಯೇ ನೋಡಿರಿ. ಕೆಳಗೆ ಬಂದ ಮೇಲೆ ಗಾಡಿಯನ್ನು ಹತ್ತು ನಿಮಿಷ ನಿಲ್ಲಿಸಿ, ಅಡಿಯಲ್ಲಿ ಹೊಸ ತೊಟ್ಟುಗಳು ಬಿದ್ದಿವೆಯೇ ಎಂದು ಪರೀಕ್ಷಿಸಿ, ಮತ್ತೆ ಸ್ಟಾರ್ಟ್ ಮಾಡಿರಿ. ಬಿಸಿಯಾದ ಎಂಜಿನ್ ಸ್ಟಾರ್ಟ್ ಆಗಲು ಹಟಮಾಡುವುದು ಕೂಡ ದೋಷವೇ.

ಈ ಓಡಾಟಕ್ಕೆ ನಿಮ್ಮ ನಂಬಿಕೆಯ ಮೆಕ್ಯಾನಿಕ್ ಜೊತೆಗಿರಲಿ, ಅವರ ಅರ್ಧ ದಿನದ ಕೂಲಿ ಕೊಡಿರಿ. ಮಾರುವವರೇ ಸೂಚಿಸಿದ ಗ್ಯಾರೇಜಿಗೆ ತೋರಿಸುವುದರಿಂದ ಉಪಯೋಗವಿಲ್ಲ.

ಹಂತ 8: ಬೆಲೆ, ಹಣ, ಹಸ್ತಾಂತರ

ಕಂಡ ದೋಷಗಳನ್ನೆಲ್ಲ ಬರೆದು, ಪ್ರತಿಯೊಂದರ ಮುಂದೆ ಮೆಕ್ಯಾನಿಕ್ ಹೇಳಿದ ಖರ್ಚನ್ನು ಹಾಕಿ, ಆ ಪಟ್ಟಿಯನ್ನೇ ಮುಂದಿಟ್ಟು ಮಾತಾಡಿರಿ. ಒಟ್ಟು ಹಣದಲ್ಲಿ ಐದರಲ್ಲಿ ಒಂದು ಭಾಗವನ್ನಾದರೂ ಮೊದಲ ರಿಪೇರಿಗೆಂದು ಎತ್ತಿಡಬೇಕು ಎಂಬುದು ನನ್ನ ಅಭಿಪ್ರಾಯ. ಕೈಯಲ್ಲಿದ್ದುದನ್ನೆಲ್ಲ ಬೆಲೆಗೇ ಸುರಿದವರ ಗಾಡಿ ಮೊದಲ ಮಳೆಗೇ ಶೆಡ್ಡಿನಲ್ಲಿ ನಿಲ್ಲುತ್ತದೆ.

ಹಣವನ್ನು ಆರ್‌ಸಿಯಲ್ಲಿ ಹೆಸರಿರುವವರ ಬ್ಯಾಂಕ್ ಖಾತೆಗೇ ಹಾಕಿರಿ. ಮಾಲೀಕತ್ವ ವರ್ಗಾವಣೆಯ ಫಾರ್ಮ್ 29 ಮತ್ತು 30ಕ್ಕೆ ನಿಮ್ಮ ಎದುರಿನಲ್ಲೇ ಸಹಿ ಆಗಲಿ. ಕಾಯ್ದೆಯಂತೆ ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನಗಳೊಳಗೆ ವರದಿ ಮಾಡಬೇಕು, ಕೊಂಡವರು 30 ದಿನಗಳೊಳಗೆ ಅರ್ಜಿ ಸಲ್ಲಿಸಬೇಕು. ಗಾಡಿ ಕೈಸೇರಿದ ದಿನಾಂಕ ಮತ್ತು ಗಂಟೆಯನ್ನು ಬರೆದ ಕಾಗದಕ್ಕೆ ಇಬ್ಬರೂ ಸಹಿ ಮಾಡಿದರೆ ಹಿಂದಿನ ದಂಡ, ಅಪಘಾತಗಳ ಹೊಣೆ ಯಾರದ್ದೆಂಬ ಜಗಳ ಹುಟ್ಟುವುದಿಲ್ಲ.

ವಿಮೆಯನ್ನು 14 ದಿನಗಳೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿರಿ. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ (ವಿಮೆಯಿಂದ ಪರಿಹಾರ ಕೇಳದಿದ್ದುದಕ್ಕೆ ಸಿಗುವ ರಿಯಾಯಿತಿ) ನಿಮಗೆ ಬರುವುದಿಲ್ಲ. ಗಾಡಿಯ ವಿಮೆಯಲ್ಲಿ ನಿಮ್ಮ ಉಪಕರಣಗಳು ಸೇರಿರುವುದಿಲ್ಲ ಎಂಬುದೂ ತಿಳಿದಿರಲಿ. ಬೆಲೆಬಾಳುವ ಮೆಷಿನ್‌ಗಳಿದ್ದರೆ ಅವಕ್ಕೆ ಬೇರೆ ಪಾಲಿಸಿ ಕೇಳಬೇಕು. 2019ರ ಏಪ್ರಿಲ್ 1ಕ್ಕೂ ಮೊದಲು ನೋಂದಣಿಯಾದ ಗಾಡಿಗೆ ಎಚ್‌ಎಸ್‌ಆರ್‌ಪಿ (ಅತಿ ಸುರಕ್ಷಿತ ನೋಂದಣಿ) ಫಲಕ ಹಾಕಿಸಿದ್ದಾರೆಯೇ ನೋಡಿರಿ, ಇಲ್ಲದಿದ್ದರೆ ಮಾರುವವರಿಂದಲೇ ಹಾಕಿಸಿರಿ.

ಹಂತ 9: ಕೆಲಸಕ್ಕೆ ಇಳಿಸುವ ಮೊದಲು

ಎಂಜಿನ್ ಎಣ್ಣೆ, ಗೇರ್ ಎಣ್ಣೆ, ಡಿಫರೆನ್ಷಿಯಲ್ ಎಣ್ಣೆ, ಕೂಲಂಟ್, ಬ್ರೇಕ್ ಎಣ್ಣೆ ಎಲ್ಲವನ್ನೂ ಒಮ್ಮೆಗೇ ಬದಲಿಸಿರಿ. ಓಮ್ನಿಯ ಎಂಜಿನ್ನಿಗೆ ಟೈಮಿಂಗ್ ಬೆಲ್ಟ್ ಇದೆ. ಬದಲಿಸಿದ ದಾಖಲೆ ಇಲ್ಲದಿದ್ದರೆ ಅದನ್ನೂ ಹೊಸದಾಗಿ ಹಾಕಿಸಿರಿ.

ಅಡಿಭಾಗವನ್ನು ಸಿಹಿನೀರಿನಿಂದ ತೊಳೆಸಿ, ಪೂರ್ತಿ ಒಣಗಲು ಎರಡು ದಿನ ಬಿಸಿಲಿನಲ್ಲಿ ಬಿಟ್ಟು, ತುಕ್ಕು ಕೆರೆದು ಪ್ರೈಮರ್ ಹಚ್ಚಿದ ಮೇಲಷ್ಟೇ ಅಂಡರ್‌ಕೋಟಿಂಗ್ ಮಾಡಿಸಿರಿ. ಒದ್ದೆ ತಗಡಿನ ಮೇಲೆ ಕೋಟಿಂಗ್ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ತುಕ್ಕು ಇನ್ನೂ ಬೇಗ ಹರಡುತ್ತದೆ. ಏಪ್ರಿಲ್, ಮೇ ಈ ಕೆಲಸಕ್ಕೆ ತಕ್ಕ ತಿಂಗಳುಗಳು.

ಮುಚ್ಚಿದ ವ್ಯಾನಾದರೆ ಚಾಲಕನ ಸೀಟಿನ ಹಿಂದೆ ಗಟ್ಟಿ ಕಬ್ಬಿಣದ ಜಾಲರಿ ಬೇಕೇ ಬೇಕು, ಏಕೆಂದರೆ ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಪೈಪಿನ ತುಂಡು, ವೈಸ್, ಡ್ರಿಲ್ ಪೆಟ್ಟಿಗೆ ಇವೆಲ್ಲ ಮುಂದಕ್ಕೆ ನುಗ್ಗುವುದು ಚಾಲಕನ ಬೆನ್ನಿಗೇ. ಜಾಲರಿ ಹಾಕಿಸುವ ಮೊದಲು ಆರ್‌ಟಿಒದಲ್ಲಿ ವಿಚಾರಿಸಿರಿ, ನೆಲಕ್ಕೆ ಕೊರೆಯುವ ಪ್ರತಿ ರಂಧ್ರದ ಅಂಚಿಗೂ ಪ್ರೈಮರ್ ಹಚ್ಚಿಸಿರಿ. ಭಾರವಾದ ಪೆಟ್ಟಿಗೆಗಳು ಹಿಂದಿನ ಆಕ್ಸಲಿಗಿಂತ ಮುಂದಕ್ಕೆ, ನೆಲಮಟ್ಟದಲ್ಲಿ ಕೂರಲಿ. ಮಾಡಿನ ಮೇಲೆ ಏಣಿಯ ಹೊರತು ಬೇರೇನನ್ನೂ ಹೇರಬೇಡಿರಿ.